ಇಲ್ಲ ಅಂದದ್ದು ಅವರು

ನಮ್ಮನೇಲಿ ಫಾರಂ ತುಂಬೋದು ಯಾವತ್ತಿದ್ರೂ ನನ್ನ ಕೆಲಸ. ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬ್ಯಾಂಕಿನ ಚಲನ್ ತುಂಬೋಕೆ ಕೊಟ್ಟಿದ್ದರಿಂದ ಶುರುವಾಗಿದ್ದು. ಆಮೇಲೆ ರೇಷನ್ ಕಾರ್ಡು, ಗ್ಯಾಸ್ ಕನೆಕ್ಷನ್ನು, ಪಹಣಿ ಅರ್ಜಿ, ಅಕ್ಕನ ಸಿಇಟಿ ಫಾರಂ, ಅಪ್ಪನ ಪೆನ್ಷನ್ ಪೇಪರು ಅಂತ ಬೆಳೀತಾ ಹೋಯ್ತು. ಅಕ್ಷರ ದುಂಡಗಿದೆ ಅನ್ನೋದು ಆಗ ಹೇಳ್ತಿದ್ದ ಕಾರಣ. ಈಗ ಅಕ್ಷರಕ್ಕೆ ಬೆಲೆಯೇ ಇಲ್ಲ, ಎಲ್ಲಾ ಕೀಬೋರ್ಡು ಕುಟ್ಟೋದು. ಆದ್ರೂ ಕೆಲಸ ಮಾತ್ರ ನನ್ನ ಹತ್ರಾನೇ ಉಳ್ಕೊಂಡಿದೆ. ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ ಕೂತು ತಿಪಟೂರಿನಲ್ಲಿರೋ ಅಮ್ಮನ ಫಾರಂ ತುಂಬ್ತೀನಿ.

ಇಷ್ಟು ವರ್ಷದ ಅನುಭವದಲ್ಲಿ ಒಂದು ಮಾತು ಹೇಳಬಲ್ಲೆ. ಯಾವ ಫಾರಂ ಆದ್ರೂ ಅದರಲ್ಲಿನ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಇನ್ನೊಂದು ಕಾಗದದಲ್ಲಿ ಇರುತ್ತೆ. ಹುಟ್ಟಿದ ತಾರೀಖಿಗೆ ಟಿಸಿ, ವಿಳಾಸಕ್ಕೆ ಕರೆಂಟ್ ಬಿಲ್ಲು, ಪಾಸ್‌ಪೋರ್ಟ್ ನಂಬರಿಗೆ ಪಾಸ್‌ಪೋರ್ಟು. ನೋಡ್ಕೊಂಡು ಬರೆದರಾಯ್ತು. ಆದರೆ ವೀಸಾ ಫಾರಂಗಳಲ್ಲಿ ಒಂದು ಪ್ರಶ್ನೆ ಇರುತ್ತೆ. ಕೆನಡಾದ ಅರ್ಜಿಯಲ್ಲಿ ಅದು ಹೆಚ್ಚುಕಮ್ಮಿ ಹೀಗಿದೆ: ಕೆನಡಾ ಅಥವಾ ಬೇರೆ ಯಾವುದೇ ದೇಶ ನಿಮಗೆ ಯಾವತ್ತಾದರೂ ವೀಸಾ ಅಥವಾ ಪರ್ಮಿಟ್ ನಿರಾಕರಿಸಿದೆಯೇ? ಒಳಗೆ ಬಿಡದೆ ವಾಪಸ್ ಕಳಿಸಿದೆಯೇ? ದೇಶ ಬಿಟ್ಟು ಹೋಗಿ ಅಂತ ಆದೇಶ ಮಾಡಿದೆಯೇ? ಮುಂದೆ ಎರಡು ಪುಟ್ಟ ಗುಂಡು. ಹೌದು, ಇಲ್ಲ.

ಇದಕ್ಕೆ ಉತ್ತರ ನೆನಪಿನಲ್ಲಿರುತ್ತೆ. ಅಥವಾ ನೆನಪಿಸಿಕೊಳ್ಳಬಾರದು ಅಂತ ಮನೆಮಂದಿಯೆಲ್ಲಾ ಸೇರಿ ಮುಚ್ಚಿಟ್ಟ ಜಾಗದಲ್ಲಿರುತ್ತೆ.

ನಮ್ಮನೇಲಿ ಇದ್ದದ್ದು ಎರಡನೇ ಜಾಗದಲ್ಲಿ.

*

2006ರಲ್ಲಿ ಅಕ್ಕ ಚೊಚ್ಚಲ ಬಸುರಿ. ಅವಳಿದ್ದ ದೇಶಕ್ಕೆ ಅಮ್ಮ ಬಾಣಂತನಕ್ಕೆ ಹೋಗಬೇಕು ಅಂತ ತೀರ್ಮಾನ ಆಯ್ತು. (ಯಾವ ದೇಶ ಅಂತ ಇಲ್ಲಿ ಬರೆಯೋದಿಲ್ಲ. ಅವರ ಮೇಲೆ ನನಗೆ ಜಗಳ ಇಲ್ಲ, ಮತ್ತೆ ಈ ಕತೆ ಯಾವ ದೇಶದ್ದಾದರೂ ಆಗಬಹುದಿತ್ತು.) ಅಂಟಿನುಂಡೆ ಮಾಡಿಟ್ಟಾಯ್ತು, ಬಜೆ ಬೇರು, ಲೇಹ್ಯ, ಹಳೇ ಕಾಟನ್ ಸೀರೆ ಹರಿದು ಮಾಡಿದ ಬಟ್ಟೆ ಎಲ್ಲಾ ಕಟ್ಟಿಟ್ಟಾಯ್ತು. ತೋಟದ ಪಹಣಿ, ಮನೆ ಖಾತೆ, ಎಫ್‌ಡಿ ರಸೀದಿ, ಅಪ್ಪನ ಸಂಬಳದ ಸರ್ಟಿಫಿಕೇಟು ಇವನ್ನೆಲ್ಲಾ ಒಂದು ಫೈಲಿಗೆ ಹಾಕ್ಕೊಂಡು ಅಪ್ಪ ಅಮ್ಮ ರಾತ್ರಿ ಬಸ್ಸಿಗೆ ಇಂಟರ್‌ವ್ಯೂಗೆ ಹೋದರು. ಅಪ್ಪನ್ನ ಗೇಟಿನ ಹೊರಗೇ ನಿಲ್ಲಿಸಿದರು. ಅಮ್ಮ ಒಬ್ಬಳೇ ಒಳಗೆ ಹೋದಳು.

ಎರಡೋ ಮೂರೋ ನಿಮಿಷ. ಫೈಲನ್ನ ಬಿಚ್ಚಿಯೂ ನೋಡಲಿಲ್ಲವಂತೆ. ಒಂದು ಹಾಳೆ ಕೊಟ್ಟು ಕಳಿಸಿದರು. ಅಷ್ಟೇ.

ಊರಿಗೆ ವಾಪಸ್ ಬಂದ ಮೇಲೆ ಬೀದಿಯವರಿಗೆಲ್ಲಾ ಹೇಳಿದ್ದು, "ಇವರಿಗೆ ಬಿಪಿ, ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ" ಅಂತ. ಅಪ್ಪನಿಗೆ ಆಗ ಬಿಪಿ ಇರಲಿಲ್ಲ :) ಆದರೂ ಪಾಪ, ಅಮ್ಮನ ಮಾತು ಉಳಿಸೋಕೆ ಅಂತ ಮದುವೆಮನೆಗಳಲ್ಲಿ ಉಪ್ಪಿನಕಾಯಿ ಬೇಡ ಅಂತಿದ್ದರು. ಅಕ್ಕನಿಗೆ ಭಾವ ಹದಿನೈದು ದಿನ ರಜ ಹಾಕಿ ಬಾಣಂತನ ಮಾಡಿದರು. ಅಂಟಿನುಂಡೆ ಪಾರ್ಸಲ್ ಹೋಯ್ತು. ಆ ವಿಷಯ ಆಮೇಲೆ ಮನೇಲಿ ಯಾರೂ ಎತ್ತಲಿಲ್ಲ. ಸುಮಾರು ಇಪ್ಪತ್ತು ವರ್ಷ.

ಇದು ನಮ್ಮನೆ ಒಂದರದ್ದೇ ರೋಗ ಅಲ್ಲ ಬಿಡಿ. ನಮ್ಮ ಕಡೆ ಹೆಣ್ಣು ನೋಡೋಕೆ ಬಂದು "ಆಮೇಲೆ ತಿಳಿಸ್ತೀವಿ" ಅಂತ ಉಪ್ಪಿಟ್ಟು ಕೇಸರಿಬಾತು ತಿಂದು ಹೋದವರ ಲೆಕ್ಕ ಯಾವ ಮನೇಲಾದ್ರೂ ಬಾಯಿಬಿಟ್ಟು ಹೇಳ್ತಾರಾ? ಮುಂದಿನ ಗಂಡಿನ ಕಡೆಯವರು ಬಂದಾಗ ಇದೇ ಮೊದಲನೇ ಸಂಬಂಧ ಅನ್ನೋ ಹಾಗೇ ಕೂರೋದು. ಬೇಡ ಅಂದವರು ಅವರು, ಆದರೆ ಗುಟ್ಟು ಮಾತ್ರ ನಮ್ಮ ಮನೆಯದ್ದು! ಬೇರೆಯವರು ನಮ್ಮನ್ನ ಒಲ್ಲೆ ಅಂದದ್ದನ್ನ ನಮ್ಮ ತಪ್ಪಿನ ಹಾಗೆ ಬಚ್ಚಿಡೋದು ನಮಗೆ ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ವೀಸಾ ಫಾರಂ ಕೇಳಿದಾಗಲೂ ಕೈ ತಾನಾಗೇ 'ಇಲ್ಲ' ಕಡೆಗೆ ಹೋಗುತ್ತೆ.

*

ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಆ ಮನೇಲಿ. ಎಪ್ಪತ್ತೊಂದು ವರ್ಷ. ಇಲ್ಲಿ ಪೇರೆಂಟ್ಸಿಗೆ ಸೂಪರ್ ವೀಸಾ ಅಂತ ಒಂದಿದೆ. 2011ರ ಡಿಸೆಂಬರಿನಲ್ಲಿ ಶುರುವಾಗಿದ್ದು. 2022ರ ಜುಲೈನಿಂದ ಒಂದು ಸಲ ಬಂದರೆ ಐದು ವರ್ಷದವರೆಗೂ ಇರಬಹುದು ಅಂತ ಮಾಡಿದರು. ಕರೆಸಿಕೊಳ್ಳೋ ಮಕ್ಕಳಿಗೆ ಇಂತಿಷ್ಟು ಆದಾಯ ಇರಬೇಕು, ಬರೋರಿಗೆ ಕನಿಷ್ಠ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಇರಬೇಕು, ಮೆಡಿಕಲ್ ಪರೀಕ್ಷೆ ಆಗಬೇಕು. ಇವೆಲ್ಲಾ ಹೊಂದಿಸಬಹುದಾದ ವಿಷಯ. ಹೊಂದಿಸಿದೆ. ಕೊನೆಗೆ ಬಂದು ನಿಂತದ್ದು ಆ ಪ್ರಶ್ನೆ ಮುಂದೆ.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ, "ಅಮ್ಮಾ, 2006ರದ್ದು ಬರೀಬೇಕು" ಅಂತ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನ ಯಾಕೋ ಬರೀಬೇಕು ಈಗ? ಅದು ಬೇರೆ ದೇಶ, ಇದು ಬೇರೆ ದೇಶ. ಇವರಿಗೆ ಹೇಗೆ ಗೊತ್ತಾಗುತ್ತೆ? ಗೊತ್ತಾದ್ರೆ ಇವರೂ ಬೇಡ ಅಂತಾರೆ ಅಷ್ಟೇ."

ಅಮ್ಮನ ಪರ ವಾದ ಮಾಡೋರು ಬಹಳ ಜನ ಸಿಕ್ಕರು. ಚಿಕ್ಕಪ್ಪ "ಕೇಳಿದ್ದಕ್ಕೆಲ್ಲಾ ಉತ್ತರ ಹೇಳ್ತಾ ಹೋದ್ರೆ ಆಯ್ತು ಕಥೆ" ಅಂದ್ರು. ಊರಲ್ಲೇ ಒಬ್ಬ ಏಜೆಂಟು ಇದ್ದಾನೆ, ಸೋದರಮಾವ ಅವನ ನಂಬರ್ ಕೊಟ್ಟರು. ಅವನು ನನಗೇ ಪಾಠ ಹೇಳಿದ: "ನೋ ಅಂತ ಹಾಕಿ ಸಾರ್. ಹಳೇ ಪಾಸ್‌ಪೋರ್ಟು ಮುಗಿದು ಎಷ್ಟೋ ವರ್ಷ ಆಯ್ತು. ಹೊಸದು ಕ್ಲೀನ್ ಇದೆ."

ಕ್ಲೀನ್! ಈ ಪದ ನನಗೆ ಬಹಳ ಹಿಂದಿನಿಂದ ಗೊತ್ತು. ಒಂದು ಕಾಲದಲ್ಲಿ ಅಮೆರಿಕದ ವೀಸಾ ಸಿಗದೇ ಹೋದವರ ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ 'ಅಪ್ಲಿಕೇಷನ್ ರಿಸೀವ್ಡ್' ಅಂತ ಒಂದು ಸೀಲು ಒತ್ತಿ, ತಾರೀಖು ಹಾಕಿ ಕೊಡೋರು. ಓದೋಕೆ ಏನೂ ಇಲ್ಲ, ಅರ್ಜಿ ಬಂದಿದೆ ಅಂತಷ್ಟೇ. ಆದರೆ ಆ ಸೀಲಿದ್ದು ಪಕ್ಕದಲ್ಲಿ ವೀಸಾ ಇಲ್ಲ ಅಂದ್ರೆ ಅರ್ಥ ಏನು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಅಂತ ಪಾಸ್‌ಪೋರ್ಟು 'ಕಳೆದುಕೊಂಡು' ಪೊಲೀಸ್ ಕಂಪ್ಲೇಂಟ್ ಕೊಟ್ಟು ಹೊಸದು ಮಾಡಿಸಿಕೊಂಡ ಮಹಾನುಭಾವರೂ ಇದ್ದರು. ಹೊಸ ಪುಸ್ತಕ, ಹೊಸ ಜನ್ಮ ಅನ್ನೋ ಲೆಕ್ಕ.

ಈಗ ಆ ಲೆಕ್ಕ ನಡೆಯಲ್ಲ. ಪಾಸ್‌ಪೋರ್ಟು ಬದಲಾಗುತ್ತೆ, ಬೆರಳು ಬದಲಾಗಲ್ಲ. ಭಾರತದಿಂದ ಕೆನಡಾಕ್ಕೆ ಅರ್ಜಿ ಹಾಕೋರು 2018ರ ಡಿಸೆಂಬರ್ 31ರಿಂದ ಬೆರಳಚ್ಚು ಕೊಡಬೇಕು. 14ರಿಂದ 79 ವರ್ಷದವರೆಗೆ ಎಲ್ಲರೂ. ಕೆನಡಾ ಮತ್ತು ಅಮೆರಿಕ ವೀಸಾ ಮಾಹಿತಿ ಹಂಚಿಕೊಳ್ಳೋ ಒಪ್ಪಂದಕ್ಕೆ ಸಹಿ ಹಾಕಿದ್ದು 2012ರ ಡಿಸೆಂಬರಿನಲ್ಲಿ. ಇವರಿಬ್ಬರ ಜೊತೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿಸಿದರೆ ಐದು ದೇಶ. ಇವರು ವಲಸೆ ವಿಷಯದಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡೇ ನಡೆಯೋದು. "ಇವರಿಗೆ ಹೇಗೆ ಗೊತ್ತಾಗುತ್ತೆ" ಅನ್ನೋ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಆದರೆ ಸಿಕ್ಕಿಬೀಳ್ತೀವಿ ಅನ್ನೋ ಭಯಕ್ಕೆ ನಿಜ ಬರೀಬೇಕು ಅಂತ ಅಮ್ಮನಿಗೆ ಹೇಳೋಕೆ ನನಗೆ ಇಷ್ಟ ಇರಲಿಲ್ಲ. ಅದು ಅರ್ಧ ಮಾತು ಅಷ್ಟೇ.

*

ಇನ್ನರ್ಧ ಏನು ಅಂದ್ರೆ, ವೀಸಾ ಸಿಗಲಿಲ್ಲ ಅನ್ನೋದು ಅಪರಾಧವೇ ಅಲ್ಲ.

ಅಮೆರಿಕದ ಕಾನೂನನ್ನೇ ಉದಾಹರಣೆಗೆ ತಗೊಳ್ಳಿ. ನಮ್ಮವರ ಬಾಯಲ್ಲಿ "ಟೂ ಫೋರ್ಟೀನ್ ಬಿ" ಅಂತ ಓಡಾಡೋ 214(ಬಿ) ಸೆಕ್ಷನ್ನು. ಅದು ಹೇಳೋದು ಇಷ್ಟೇ: ನೋಡಿಕೊಂಡು ಬರ್ತೀನಿ ಅಂತ ಅರ್ಜಿ ಹಾಕಿದ ಪ್ರತಿಯೊಬ್ಬರೂ ಅಲ್ಲೇ ಉಳಿಯೋಕೆ ಬರ್ತಿದ್ದಾರೆ ಅಂತಲೇ ಮೊದಲು ಅಂದುಕೊಳ್ಳಬೇಕು, ಹಾಗಲ್ಲ ಅಂತ ತೋರಿಸೋ ಭಾರ ಅರ್ಜಿದಾರರದ್ದು. (ಹೆಚ್-1ಬಿ, ಎಲ್-1 ಅಂಥ ಕೆಲವರಿಗೆ ಮಾತ್ರ ಇದರಿಂದ ವಿನಾಯಿತಿ.) ಕಿಟಕಿ ಆಚೆ ಕೂತವರಿಗೆ ಎರಡು ಮೂರು ನಿಮಿಷದಲ್ಲಿ ಮನವರಿಕೆ ಆಗಲಿಲ್ಲ ಅಂದ್ರೆ ಇಲ್ಲ. ಮೇಲ್ಮನವಿ ಇಲ್ಲ. ಆದರೆ ಮತ್ತೆ ಅರ್ಜಿ ಹಾಕೋಕೆ ಅಡ್ಡಿಯೂ ಇಲ್ಲ. ನೀವು ಸುಳ್ಳರು ಅಂತಾಗಲೀ ಕೆಟ್ಟವರು ಅಂತಾಗಲೀ ಅದರಲ್ಲಿ ಎಲ್ಲೂ ಬರೆದಿಲ್ಲ. ಆ ದಿನ, ಆ ಕಿಟಕಿಯಲ್ಲಿ, ಒಬ್ಬರಿಗೆ ಅನ್ನಿಸಿದ್ದು ಅಷ್ಟೇ.

ಕೆನಡಾದ ನಿಯಮವೂ ಅದೇ ದಾರಿ. ಅವಧಿ ಮುಗಿದ ಮೇಲೆ ವಾಪಸ್ ಹೋಗ್ತಾರೆ ಅಂತ ಅಧಿಕಾರಿಗೆ ಅನ್ನಿಸಬೇಕು. ಹಿಂದೆ ಒಂದು ದೇಶ ಇಲ್ಲ ಅಂದಿತ್ತು ಅನ್ನೋದೊಂದೇ ಕಾರಣಕ್ಕೆ ಇಲ್ಲಿಗೆ ಬರಬಾರದು ಅಂತ ಕಾನೂನಿನಲ್ಲಿ ಇಲ್ಲ.

ಇಲ್ಲದ್ದು ಅದು. ಇರೋದು ಯಾವುದು ಗೊತ್ತಾ? ವಲಸೆ ಕಾಯಿದೆಯ 40ನೇ ಸೆಕ್ಷನ್ನು. ಮುಖ್ಯವಾದ ಸಂಗತಿಯನ್ನ ತಪ್ಪಾಗಿ ಹೇಳಿದರೆ ಅಥವಾ ಮುಚ್ಚಿಟ್ಟರೆ, ಅದರಿಂದ ಅವರ ತೀರ್ಮಾನದಲ್ಲಿ ತಪ್ಪಾಗೋ ಹಾಗಿದ್ದರೆ, ಐದು ವರ್ಷ ಕೆನಡಾಕ್ಕೆ ಕಾಲಿಡೋ ಹಾಗಿಲ್ಲ. 2014ರವರೆಗೆ ಇದು ಎರಡು ವರ್ಷ ಇತ್ತು, ಆಮೇಲೆ ಐದು ಮಾಡಿದರು. ಆ ಐದು ವರ್ಷದಲ್ಲಿ ಪಿಆರ್ ಅರ್ಜಿಯನ್ನೂ ಹಾಕೋ ಹಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಸುಳ್ಳು ಮಾಹಿತಿಗೆ ಸಾಮಾನ್ಯವಾಗಿ ಮೂರು ವರ್ಷ. ಬ್ರಿಟನ್ನಿನಲ್ಲಿ ಮೋಸ ಮಾಡೋ ಉದ್ದೇಶ ಇತ್ತು ಅಂತಾದರೆ ಹತ್ತು ವರ್ಷದವರೆಗೆ. ಅಮೆರಿಕದಲ್ಲಂತೂ ಬೇಕಂತಲೇ ಮುಖ್ಯ ಸಂಗತಿ ತಿರುಚಿದ್ದು ಅಂತ ನಿರ್ಧಾರ ಆದರೆ ಅದಕ್ಕೆ ಕೊನೆ ತಾರೀಖೇ ಇಲ್ಲ. ಜೀವನಪರ್ಯಂತ. ಪ್ರತೀ ಸಲ ವಿನಾಯಿತಿ ಬೇಡಿಕೊಂಡೇ ಹೋಗಬೇಕು.

ಅಂದ್ರೆ ಲೆಕ್ಕ ನೋಡಿ. 'ಹೌದು' ಅಂತ ಬರೆದರೆ ಅದಕ್ಕೆ ಅಂತ ಶಿಕ್ಷೆ ಇಲ್ಲ. 'ಇಲ್ಲ' ಅಂತ ಬರೆದರೆ ಐದು ವರ್ಷ. ಎಪ್ಪತ್ತೊಂದು ವರ್ಷದವಳಿಗೆ ಐದು ವರ್ಷ ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳಬೇಕಾ?

*

ಇದನ್ನ ನಾನು ಕಾನೂನು ಪುಸ್ತಕದಿಂದ ಕಲಿತದ್ದಲ್ಲ. ಇಲ್ಲಿ ಪರಿಚಯ ಆದ ಒಬ್ಬ ಹುಡುಗನಿಂದ. ನಮ್ಮ ಕಡೆಯವನೇ, ಊರು ಹೆಸರು ಬೇಡ. ಇಲ್ಲಿಗೆ ಓದೋಕೆ ಬರೋ ಮುಂಚೆ ಇನ್ನೊಂದು ದೇಶದ ಸ್ಟೂಡೆಂಟ್ ವೀಸಾಕ್ಕೆ ಹಾಕಿದ್ದ, ಸಿಕ್ಕಿರಲಿಲ್ಲ. ಕೆನಡಾದ ಫಾರಂ ತುಂಬಿದ ಏಜೆಂಟು ಅದಕ್ಕೆ 'ಇಲ್ಲ' ಅಂತ ಹಾಕಿದ್ದಾನೆ. ಹುಡುಗ ಫಾರಂ ನೋಡೇ ಇಲ್ಲ, ಕೊನೇ ಪುಟಕ್ಕೆ ಸಹಿ ಮಾಡಿದ್ದಾನೆ. ವೀಸಾ ಬಂತು. ಓದಿದ, ಕೆಲಸಕ್ಕೆ ಸೇರಿದ. ಮುಂದಿನ ಅರ್ಜಿಯನ್ನ ತಾನೇ ಕೂತು ತುಂಬಿದ, ಆ ಪ್ರಶ್ನೆಗೆ ನಿಜವಾಗಿ 'ಹೌದು' ಅಂತ ಬರೆದ. ಎರಡೂ ಅರ್ಜಿ ಪಕ್ಕಪಕ್ಕ ಇಟ್ಟು ನೋಡೋರಿಗೆ ಕಾಣದೇ ಇರುತ್ತಾ?

ಮೊದಲು ಒಂದು ಪತ್ರ ಬಂತು. ನಿಮ್ಮ ಮೇಲೆ ಹೀಗೊಂದು ಅನುಮಾನ ಇದೆ, ಏನು ಹೇಳ್ತೀರಿ ಅಂತ ಕೇಳೋ ಪತ್ರ. ಅದನ್ನ ಹಿಡ್ಕೊಂಡು ನಮ್ಮನೆಗೆ ಬಂದಿದ್ದ. ಟೀ ಆರಿ ತಣ್ಣಗಾಯ್ತು, ಕುಡೀಲೇ ಇಲ್ಲ. "ಅಣ್ಣಾ, ನಾನು ಸುಳ್ಳು ಹೇಳಿಲ್ಲ ಅಣ್ಣಾ. ನಾನು ನೋಡೇ ಇಲ್ಲ" ಅಂತಿದ್ದ. ನಿಜವೇ. ಆದರೆ ಕೆನಡಾದಲ್ಲಿ ಬೇಕಂತಲೇ ಮಾಡಿದ್ದು ಅಂತ ಇರಬೇಕಾಗಿಲ್ಲ. ಬೇರೆಯವರ ಕೈಯಲ್ಲಿ ಬರೆಸಿದರೂ ಅರ್ಜಿ ಅರ್ಜಿದಾರನದ್ದೇ. ತನಗೆ ಗೊತ್ತಿರಲೂ ಇಲ್ಲ, ಗೊತ್ತಾಗೋ ದಾರಿಯೂ ಇರಲಿಲ್ಲ ಅನ್ನೋ ಅಪರೂಪದ ಸಂದರ್ಭದಲ್ಲಿ ಮಾತ್ರ ಕೋರ್ಟುಗಳು ಬಿಟ್ಟಿರೋದು. ತನ್ನ ವೀಸಾ ಸಿಕ್ಕಿರಲಿಲ್ಲ ಅನ್ನೋದು ಯಾರಿಗೆ ಗೊತ್ತಿರಲ್ಲ ಹೇಳಿ. ಅವನು ವಾಪಸ್ ಹೋದ. ಅಪ್ಪ ಜಮೀನಿನ ಮೇಲೆ ಮಾಡಿದ ಸಾಲ ಹಾಗೇ ಇತ್ತು. ಏಜೆಂಟಿನ ಅಂಗಡಿಯೂ ಹಾಗೇ ಇದೆ.

ಆ ಹುಡುಗನ ಹಳೇ ನಿರಾಕರಣೆ ನಿಜವಾಗಿ ಏನು? ಇನ್ಯಾವುದೋ ದೇಶದ ಇನ್ಯಾರಿಗೋ ಅನ್ನಿಸಿದ ಒಂದು ಅನುಮಾನ. ಅವನದ್ದೇ ಅಲ್ಲ. ಮುಚ್ಚಿಟ್ಟ ತಕ್ಷಣ ಅದು ಅವನದ್ದಾಯ್ತು.

ನನಗೆ ಈ ವಿಷಯದಲ್ಲಿ ಹೇಳೋಕಿರೋದು ಇಷ್ಟೇ. ಇಲ್ಲ ಅಂದದ್ದು ಅವರು. ಅದನ್ನ ಬಚ್ಚಿಟ್ಟು ನಾವು 'ಇಲ್ಲ' ಅಂದ್ರೆ, ಆ ಎರಡನೇ 'ಇಲ್ಲ' ಮಾತ್ರ ನಮ್ಮದು.

*

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಸೆಕ್ಷನ್ನು ಗಿಕ್ಷನ್ನು ಬಿಟ್ಟು. ಒಪ್ಪಿದಳಾ? ಇಲ್ಲ. "ಏನಾದ್ರೂ ಮಾಡ್ಕೋ" ಅಂತ ಫೋನ್ ಇಟ್ಟಳು.

ಮಾರನೇ ದಿನ ಅವಳೇ ವಿಡಿಯೋ ಕಾಲ್ ಮಾಡಿದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ರು. ಆ ಹಾಳೆ! ಹರಿದು ಒಲೆಗೆ ಹಾಕಿರ್ತಾಳೆ ಅಂತ ನಾನು ಅಂದ್ಕೊಂಡಿದ್ದೆ. ಬೀರುವಿನಲ್ಲಿ ಮದುವೆ ಸೀರೆ ಕೆಳಗೆ, ಹಳೇ ಪಾಸ್‌ಪೋರ್ಟಿನ ಜೊತೆ, ಮಡಿಕೆ ಮುರೀದ ಹಾಗೆ ಇಟ್ಟಿದ್ದಾಳೆ.

"ಇದರಲ್ಲಿ ಏನು ಬರ್ದಿದೆ ಓದು" ಅಂದಳು.

ಆಗ ಗೊತ್ತಾಯ್ತು ನನಗೆ, ಇಷ್ಟು ವರ್ಷ ಅದನ್ನ ಅವಳಿಗೆ ಯಾರೂ ಓದಿ ಹೇಳಿಲ್ಲ ಅಂತ. ಅಮ್ಮ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು. ಆ ಸಣ್ಣಕ್ಷರದ ಇಂಗ್ಲಿಷು ಅವಳಿಗೆ ಹತ್ತಿಲ್ಲ. ಅಪ್ಪ ಹೊರಗೆ ಸಿಕ್ಕ ತಕ್ಷಣ ಅದನ್ನ ನೋಡಿ, "ಹೋಗ್ಲಿ ಬಿಡು" ಅಂತ ಮಡಿಚಿಟ್ಟಿದ್ದರು. ಅವಳ ಮನಸ್ಸು ನೋಯಿಸಬಾರದು ಅಂತ.

ಕ್ಯಾಮೆರಾ ಹತ್ತಿರ ಹಿಡಿಸಿ ಒಂದೊಂದೇ ಸಾಲು ಓದಿ ಹೇಳಿದೆ. ನಿಮ್ಮ ದೇಶದ ಜೊತೆ ನಿಮಗೆ ಇರೋ ನಂಟು ನೀವು ವಾಪಸ್ ಬರೋಕೆ ಸಾಕಾಗುವಷ್ಟಿದೆ ಅಂತ ನಮಗೆ ಮನವರಿಕೆ ಆಗಿಲ್ಲ. ಈ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಹಾಕಬಹುದು. ಈ ಅರ್ಥದ ನಾಲ್ಕೈದು ಸಾಲು. ಹೆಸರು ಮತ್ತು ತಾರೀಖು ಮಾತ್ರ ಪೆನ್ನಿನಲ್ಲಿ ಬರೆದದ್ದು.

"ಅಷ್ಟೇನಾ?"

"ಅಷ್ಟೇ."

"ಹೆಸರು ಬಿಟ್ರೆ ಮಿಕ್ಕಿದ್ದೆಲ್ಲಾ ಪ್ರಿಂಟು?"

"ಹೂಂ. ಎಲ್ಲರಿಗೂ ಇದೇ ಹಾಳೆ ಕೊಡ್ತಾರೆ."

"ನಾನು ಬರೋ ಮುಂಚೇನೇ ಪ್ರಿಂಟ್ ಹೊಡೆಸಿ ಇಟ್ಟಿದ್ರಾ ಹಾಗಾದ್ರೆ?"

ನಾನು ನಗೋಕೆ ಹೋದೆ, ಅವಳ ಮುಖ ನೋಡಿ ಸುಮ್ಮನಾದೆ. ಆಮೇಲೆ ಅವಳು ಹೇಳಿದ್ದು ಇದು. ಕಿಟಕಿಯಲ್ಲಿ "ಮಗಳು ಅಲ್ಲಿ ಎಷ್ಟು ವರ್ಷದಿಂದ ಇದ್ದಾಳೆ" ಅಂತ ಕೇಳಿದರಂತೆ. ಇವಳಿಗೆ ಮೂರಾ ನಾಲ್ಕಾ ಅಂತ ತಕ್ಷಣ ಹೊಳೀಲಿಲ್ಲವಂತೆ. ತಡವರಿಸಿದಳಂತೆ. ಅಷ್ಟಕ್ಕೇ ಹಾಳೆ ಕೊಟ್ಟರು ಅಂತ ಅವಳ ಲೆಕ್ಕ. "ನಾನು ಸರಿಯಾಗಿ ಉತ್ತರ ಹೇಳಿದ್ದಿದ್ರೆ ಅವಳು ಒಬ್ಬಳೇ ಹೆತ್ತುಕೋಬೇಕಾಗ್ತಿರಲಿಲ್ಲ" ಅಂದಳು.

ಇಪ್ಪತ್ತು ವರ್ಷ ಇದನ್ನ ಹೊತ್ಕೊಂಡು ಓಡಾಡಿದ್ದಾಳೆ. ಯಾರಿಗೂ ಹೇಳಿಲ್ಲ. ಅಪ್ಪನಿಗೂ. ಬೀದಿಯವರಿಗೆ ಹೇಳಿದ ಬಿಪಿ ಕಥೆಯ ಕೆಳಗೆ ಇನ್ನೊಂದು ಇಷ್ಟು ಭಾರದ್ದು ಇತ್ತು ಅಂತ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಆ ಅಧಿಕಾರಿ ಯಾಕೆ ಇಲ್ಲ ಅಂದ್ರೋ ನನಗೇನು ಗೊತ್ತು. ತಡವರಿಸಿದ್ದಕ್ಕೇ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನೇ ಹೇಳಿದೆ. ಹಾಳೆಯಲ್ಲಂತೂ ಅದು ಇಲ್ಲ ಅಂತ ಹೇಳಿದೆ. "ಹೂಂ" ಅಂದಳು.

ಆಮೇಲೆ ಇಬ್ಬರೂ ಕೂತು ಆ ಪ್ರಶ್ನೆಗೆ ಉತ್ತರ ಬರೆದೆವು. ಅವಳು ಕನ್ನಡದಲ್ಲಿ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಬರೆದೆ. 2006ರಲ್ಲಿ ಮಗಳ ಹೆರಿಗೆಗೆ ಹೋಗೋಕೆ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿದ್ದೆ. ಕೊಡಲಿಲ್ಲ. ಕೊಟ್ಟ ಪತ್ರ ಲಗತ್ತಿಸಿದ್ದೇನೆ. ಆಮೇಲೆ ಯಾವ ದೇಶಕ್ಕೂ ಅರ್ಜಿ ಹಾಕಿಲ್ಲ. ಇಷ್ಟೇ. "ನಾನು ಅಲ್ಲಿ ಸುಳ್ಳು ಹೇಳಿರಲಿಲ್ಲ ಅಂತಾನೂ ಬರಿ" ಅಂದಳು. ಅದನ್ನ ಅವರು ಕೇಳಿಲ್ಲ ಅಮ್ಮ ಅಂದೆ. ಸರಿ, ಬೇಡ ಹಾಗಾದ್ರೆ ಅಂದಳು.

*

ಇಂಥ ಫಾರಂ ತುಂಬೋರು ನಿಮ್ಮಲ್ಲೂ ಬಹಳ ಜನ ಇರ್ತೀರ, ಅದಕ್ಕೆ ನನಗೆ ತಿಳಿದ ನಾಲ್ಕು ಮಾತು ಹೇಳಿಬಿಡ್ತೀನಿ.

ಪ್ರಶ್ನೆಯನ್ನ ಪೂರ್ತಿ ಓದಿ. ಅಮೆರಿಕದ ಡಿಎಸ್-160 ಫಾರಂ ಕೇಳೋದು ಅಮೆರಿಕದ ವೀಸಾ ಸಿಗದೇ ಹೋದದ್ದನ್ನ, ಏರ್‌ಪೋರ್ಟಿನಿಂದ ವಾಪಸ್ ಕಳಿಸಿದ್ದನ್ನ, ಅಲ್ಲೇ ಅರ್ಜಿ ಹಿಂತೆಗೆದುಕೊಂಡದ್ದನ್ನ. ಕೆನಡಾ ಮತ್ತು ಬ್ರಿಟನ್ ಕೇಳೋದು ಯಾವುದೇ ದೇಶದ್ದನ್ನ. ಒಂದಕ್ಕೆ ಬರೆದ ಉತ್ತರ ಇನ್ನೊಂದಕ್ಕೆ ಹೊಂದಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ 221(ಜಿ) ಚೀಟಿ ಗೊತ್ತಿರುತ್ತೆ. ಇಂಟರ್‌ವ್ಯೂ ಆದ ಮೇಲೆ ಇನ್ನೊಂದಿಷ್ಟು ದಾಖಲೆ ಕೊಡಿ, ಪರಿಶೀಲನೆ ಬಾಕಿ ಇದೆ ಅಂತ ಕೊಡೋ ಚೀಟಿ. ಆಮೇಲೆ ವೀಸಾ ಬಂದೂ ಬಿಡುತ್ತೆ, ಅದಕ್ಕೆ ಅದು ನಿರಾಕರಣೆ ಅಂತ ಯಾರಿಗೂ ಅನ್ನಿಸಲ್ಲ. ಆದರೆ ಕಾನೂನಿನ ಪ್ರಕಾರ ಅದೂ ನಿರಾಕರಣೆಯೇ. ಬರೆದು, ಮುಂದೆ ಇಂಥ ತಾರೀಖಿಗೆ ವೀಸಾ ಸಿಕ್ಕಿತು ಅಂತ ಸೇರಿಸಿದರಾಯ್ತು. ಇನ್ನೊಂದು ಕಡೆ, ಕಾಗದ ಸಾಲದು ಅಂತ ಕೆನಡಾದವರು ಅರ್ಜಿಯನ್ನ ಪರಿಶೀಲನೆಗೇ ತಗೊಳ್ಳದೆ ವಾಪಸ್ ಕಳಿಸಿದರೆ ಅದು ನಿರಾಕರಣೆ ಅಲ್ಲ.

ಹಳೇ ಪತ್ರ ಬಿಸಾಕಬೇಡಿ. ಕೆನಡಾದ ವೀಸಾ ಸಿಗದೇ ಹೋಗಿದ್ದು ಯಾಕೆ ಅಂತ ಗೊತ್ತಾಗಬೇಕಿದ್ದರೆ, ಅಧಿಕಾರಿ ಬರೆದ ಟಿಪ್ಪಣಿಯನ್ನ ಮಾಹಿತಿ ಹಕ್ಕಿನಲ್ಲಿ 5 ಡಾಲರ್ ಕಟ್ಟಿ ಕೇಳಬಹುದು, ಇಲ್ಲಿರೋರ ಮೂಲಕ. ನಿಮ್ಮ ಮನೆಯವರ ಹೆಸರಿನಲ್ಲಿ ಒಂದು ಹಾಳೆ ಇಟ್ಟು, ಯಾವ ದೇಶ, ಯಾವ ತಿಂಗಳು, ಏನಾಯ್ತು ಅಂತ ಬರೆದಿಡಿ. ಮುಂದಿನ ಎಲ್ಲಾ ಫಾರಂಗಳಲ್ಲೂ ಅದೇ ಉತ್ತರ ಬರಬೇಕಲ್ಲ.

ಯಾರ ಕೈಲಾದ್ರೂ ತುಂಬಿಸಿ, ಕಳಿಸೋ ಮುಂಚೆ ಪ್ರತಿಯೊಂದು ಸಾಲೂ ಓದಿ. ಅಪ್ಪ ಅಮ್ಮನ ಫಾರಂ ಆದ್ರೆ ಅವರಿಗೆ ಕನ್ನಡದಲ್ಲಿ ಓದಿ ಹೇಳಿ. ಸಹಿ ಅವರದ್ದು, ಉತ್ತರವೂ ಅವರದ್ದೇ ಆಗಿರಲಿ.

ಅಂದಹಾಗೆ ಈ ಪ್ರಶ್ನೆ ಕೇಳೋದು ಬರೀ ಬಿಳಿಯರ ದೇಶಗಳು ಅಂದ್ಕೋಬೇಡಿ. ಭಾರತದ ವೀಸಾ ಫಾರಂನಲ್ಲೂ, ಹಿಂದೆ ಭಾರತಕ್ಕೆ ಬರೋಕೆ ಅನುಮತಿ ನಿರಾಕರಿಸಲಾಗಿತ್ತೇ ಅಂತ ಒಂದು ಸಾಲಿದೆ. ಇಲ್ಲಿಯ ಪಾಸ್‌ಪೋರ್ಟ್ ಇರೋ ನಮ್ಮ ಸ್ನೇಹಿತರು ಅಜ್ಜಿ ಮನೆಗೆ ಹೋಗೋಕೆ ಅದನ್ನ ತುಂಬ್ತಾರೆ.

*

ಅರ್ಜಿ ಹೋಗಿ ಒಂಬತ್ತು ವಾರ ಆಯ್ತು. ಬೆಂಗಳೂರಿಗೆ ಹೋಗಿ ಅಮ್ಮ ಬೆರಳಚ್ಚು ಕೊಟ್ಟು ಬಂದಳು. ದಿನಾ ಕಾಯಿ ತುರಿದು ತುರಿದು ಸವೆದ ಬೆರಳು, ನಾಲ್ಕೈದು ಸಲ ಒರೆಸಿ ಒರೆಸಿ ಒತ್ತಿಸಿಕೊಂಡರಂತೆ. ಉತ್ತರ ಇನ್ನೂ ಬಂದಿಲ್ಲ. ಬರಬಹುದು, ಬರದೇ ಇರಬಹುದು. ಗಂಡ ಇಲ್ಲ, ಮಕ್ಕಳಿಬ್ಬರೂ ಹೊರಗೆ, ಇನ್ನು ಅವಳನ್ನ ಊರಿಗೆ ಎಳೆಯೋ ನಂಟು ಏನಿದೆ ಅಂತ ಯಾರಿಗಾದ್ರೂ ಅನ್ನಿಸಿದರೆ, ತೋಟ ಇದೆ, ಮನೆ ಇದೆ, ಎದುರು ಬೀದಿಯಲ್ಲಿ ತಂಗಿ ಇದ್ದಾಳೆ ಅಂತ ಬರೆದಿದ್ದೀನಿ. ಅದು ಸಾಕಾ ಅಂತ ತೀರ್ಮಾನ ಮಾಡೋರು ಅವರು. ನಿಜ ಬರೆದೋರಿಗೆಲ್ಲಾ ವೀಸಾ ಸಿಗುತ್ತೆ ಅಂತ ನಾನಂತೂ ಹೇಳಲ್ಲ. ಸಿಗದಿದ್ದರೆ ಮುಂದಿನ ಫಾರಂನಲ್ಲಿ ಎರಡು ಸಾಲು ಬರೀಬೇಕಾಗುತ್ತೆ, ಬರೀತೀವಿ.

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದಳು. ಗೌರಮ್ಮನ ಹಾಡಿಗೆ ಅಂತ ಹೆಂಗಸರೆಲ್ಲಾ ಸೇರಿದ್ದಾಗ ಯಾರೋ "ಮಗನ ಹತ್ರ ಹೋಗ್ತೀರಂತೆ" ಅಂದ್ರಂತೆ. ಅಮ್ಮ, "ಕೊಟ್ರೆ ಹೋಗ್ತೀನಿ. ಒಂದ್ಸಲ ಮಗಳ ಬಾಣಂತನಕ್ಕೆ ಅಂತ ಹೋಗಿ ಕೇಳಿದ್ದೆ, ಆವಾಗ ಅವರು ಕೊಡಲಿಲ್ಲ" ಅಂದಳಂತೆ. ಹಾಗಂದು ಕುಂಕುಮದ ಬಟ್ಟಲು ಪಕ್ಕದವರಿಗೆ ದಾಟಿಸಿದಳಂತೆ.